ರಾಕ್ ಗಾಯಕನ ರೆಕ್ಕೆ ಮತ್ತು ನಮ್ಮನೆ ಚಂದ್ರಿಕೆ

ನಟನೆಯಲ್ಲಿ ಮುಕ್ಕಾಲು ಪಾಲು ಬಟ್ಟೆಯದೇ ಎಂಬುದು ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಹೊರದೇಶದ ಒಬ್ಬ ಹೆಸರಾಂತ ರಾಕ್ ಗಾಯಕನೇ ಸಾಕ್ಷಿ. ವೇದಿಕೆಗೆ ಮಿರಮಿರ ಪ್ಯಾಂಟು, ಆಳೆತ್ತರದ ರೆಕ್ಕೆ ತೊಟ್ಟು ಬರುತ್ತಾನೆ. ಸಿನಿಮಾಗಳಲ್ಲೂ ನಟಿಸಿದ್ದಾನೆ. ಅಲ್ಲಿ ಅವನ ಕೆಲಸ ಸುಮ್ಮನೆ ನಿಂತು ದಿಟ್ಟಿಸುವುದು. ಇಪ್ಪತ್ತು ವರ್ಷ ಕಾಪಿ ಹೊಡೆಯುವವರನ್ನು ದಿಟ್ಟಿಸಿದ ನನ್ನಂಥ ಮೇಷ್ಟ್ರಿಗೆ ಇದೇನು ಮಹಾ!

ಶಾಲಾ ವಾರ್ಷಿಕೋತ್ಸವದಲ್ಲಿ ಬಹುಮಾನವೂ ಇದ್ದ ಶಿಕ್ಷಕರ ನಾಟಕದಲ್ಲಿ ಆ ಗಾಯಕನ ಪಾತ್ರವನ್ನು ಕೇಳಿ ಪಡೆದೆ. ಪ್ಯಾಂಟನ್ನು ಶಿಡ್ಲಘಟ್ಟದ ದರ್ಜಿ ಹೊಲಿದುಕೊಟ್ಟ. ರೆಕ್ಕೆಗೇನು ಮಾಡುವುದು? ಹುಳದ ಮನೆಯಲ್ಲಿ ಒರಗಿಸಿದ್ದ ಚಂದ್ರಿಕೆ ಕಣ್ಣಿಗೆ ಬಿತ್ತು. ಹಣ್ಣಾದ ರೇಷ್ಮೆಹುಳ ಗೂಡು ಕಟ್ಟಲೆಂದು ಬಿಡುವ, ಬಾಗಿಲಗಲದ ಬಿದಿರಿನ ತಟ್ಟಿ ಅದು.

"ರೀ, ಹುಳ ಹಣ್ಣಾಗೋ ಟೈಮು. ಒಂದು ಚಂದ್ರಿಕೆ ಕಮ್ಮಿಯಾದ್ರೂ ಕಷ್ಟ," ಎಂದಳು ಹೆಂಡತಿ ಸುಜಾತ.

"ಹಣ್ಣಾಗೋದು ನಾಳೆ ಕಣೇ! ಸಂಜೆಗೇ ತಂದುಬಿಡ್ತೀನಿ," ಎಂದು ಹುಳಗಳ ಪರವಾಗಿ ನಾನೇ ದಿನಾಂಕ ನಿಗದಿಪಡಿಸಿದೆ.

ಬೆಳ್ಳಿ ಕಾಗದ ಅಂಟಿಸಿ, ಚಂದ್ರಿಕೆಯನ್ನು ಕೋಟಿಗೆ ಹೊಲಿದು ಬೆನ್ನಿಗೇರಿಸಿದೆ. ಆಟೋದವನು ನೋಡಿ ಕೈಮುಗಿದು ಹೊರಟೇಹೋದ. ನಡೆದೆ. ಗಾಳಿ ನನ್ನನ್ನು ಎರಡು ಸಲ ಮನೆಯ ಕಡೆಗೇ ತಿರುಗಿಸಿತು. ಗಾಳಿಗೆ ನನಗಿಂತ ಬುದ್ಧಿಯಿತ್ತು!

ವೇದಿಕೆಗೆ ಏಡಿಯಂತೆ ಅಡ್ಡಡ್ಡ ಬಂದು, ನಿಂತು, ದಿಟ್ಟಿಸಿದೆ. ಆಗ ಸಭೆಯ ಹಿಂದಿನಿಂದ ಕೂಗು.

"ರೀ! ಹುಳ ಹಣ್ಣಾಗೋಗಿವೆ! ಬಿಚ್ರೀ ಅದನ್ನ!"

ಸುಜಾತ ಓಡಿಬಂದು ವೇದಿಕೆ ಹತ್ತಿದಳು. ಸಭೆಯಲ್ಲಿದ್ದವರಿಗೆ ರಾಕ್ ಸಂಗೀತ ಗೊತ್ತಿಲ್ಲದಿರಬಹುದು, ಹಣ್ಣಾದ ಹುಳ ಕಾಯುವುದಿಲ್ಲ ಎಂಬುದು ಗೊತ್ತು. "ಕೊಟ್ಬಿಡಪ್ಪಾ ಮೇಷ್ಟ್ರೇ, ಸಿಕ್ಕಸಿಕ್ಕಲ್ಲಿ ಗೂಡು ಕಟ್ಟಿ ಬೆಳೆ ಹಾಳಾಗ್ತದೆ!" ಎಂದು ಮುಂದಿನ ಸಾಲಿನ ಅಜ್ಜ ಎದ್ದೇ ನಿಂತರು.

ತಿಂಗಳಿಡೀ ಸೊಪ್ಪು ಹಾಕಿ ಸಾಕಿದವಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಹೊಲಿಗೆ ಬಿಚ್ಚಲು ಪುರುಸೊತ್ತಿಲ್ಲದೆ ಕೋಟಿನ ಸಮೇತ ಚಂದ್ರಿಕೆ ಕಳಚಿಕೊಟ್ಟೆ. ಇಬ್ಬರು ರೈತರು ಅದನ್ನು ತಲೆಯ ಮೇಲೆ ಹೊತ್ತು ಅವಳ ಹಿಂದೆ ಓಡಿದರು. ಸಭೆಯೆಲ್ಲ ಚಪ್ಪಾಳೆ! ನಾನು ಬನಿಯನ್ನಿನಲ್ಲಿ ದಿಟ್ಟಿಸುತ್ತಾ ನಿಂತೆ.

ಬೆಳೆ ಉಳಿಯಿತು. ಗೌರಿಬಿದನೂರಿನಿಂದ ಬಂದಿದ್ದ ತೀರ್ಪುಗಾರರು ಇದೆಲ್ಲ ನಾಟಕದ ಭಾಗವೆಂದೇ ತಿಳಿದಿದ್ದರು. ಶ್ರೇಷ್ಠ ನಟನೆಯ ಬಹುಮಾನ ಸುಜಾತಳಿಗೆ! ಅವಳು ಮನೆಯಲ್ಲಿ ಹುಳ ಆಯ್ದು ಚಂದ್ರಿಕೆಗೆ ಬಿಡುತ್ತಿದ್ದುದರಿಂದ ಬಹುಮಾನದ ಸ್ಟೀಲ್ ಡಬ್ಬಿಯನ್ನು ನಾನೇ ಸ್ವೀಕರಿಸಿದೆ.

ಶ್ರೇಷ್ಠ ವೇಷಭೂಷಣದ ಬಹುಮಾನವಾದರೂ ನನ್ನದೇ ಎಂದು ಅಲ್ಲೇ ಕಾದು ನಿಂತೆ. ಅದಕ್ಕೆ ಮೈಮೇಲೆ ವೇಷ ಇರಬೇಕಂತೆ!