ವಿಶೇಷ ಪ್ರಥಮ ಟ್ರಂಪೆಟ್

ಹಾಳೆಯ ಮೇಲ್ತುದಿಯಲ್ಲಿ ಇರುವೆಯಷ್ಟು ಸಣ್ಣದಾಗಿ ಅಚ್ಚಾಗಿದ್ದ ಮೂರು ಎಂಬ ಅಂಕಿ ಖಮರುದ್ದೀನ್ ಸರ್ ಕಣ್ಣಿಗೆ ಬೀಳದಿದ್ದರೆ ಸಂಘಪಾಲನ ಆ ಶನಿವಾರ ಉಳಿದ ಶನಿವಾರಗಳ ಹಾಗೆಯೇ ಕಳೆದುಹೋಗುತ್ತಿತ್ತು. ಆದರೆ ಖಮರುದ್ದೀನ್ ಸರ್ ಗಣಿತದವರು. ಅಂಕಿ ಕಂಡರೆ ಸುಮ್ಮನೆ ಬಿಡುವವರಲ್ಲ.

"ಸಂಘಪಾಲ ಸರ್, ಇಲ್ಲಿ ಮೂರನೇ ಟ್ರಂಪೆಟ್ ಅಂತ ಬರದದಲ್ರಿ. ಇದು ನನ್ನ ಹಾಳೀನೇ ಏನು?"

ಸ್ಟಾಫ್ ರೂಮಿನಲ್ಲಿ ಚಹಾ ಹೀರುವ ಸಪ್ಪಳ ನಿಂತಿತು. ಸಂಘಪಾಲ ಹೌದೆಂದ. ಬ್ಯಾಂಡಿನಲ್ಲಿ ಟ್ರಂಪೆಟ್ಟಿಗೆ ಮೂರು ಭಾಗಗಳಿರುತ್ತವೆ, ಮೂರೂ ಕೂಡಿದರೇ ಇಂಪು, ಮೂರನೆಯದು ಅಂದರೆ ಕಡಿಮೆಯದಲ್ಲ ಎಂದು ವಿವರಿಸಿದ. ಸರ್ ಪೂರ್ತಿ ಕೇಳಿಸಿಕೊಂಡು, ಮೊದಲನೇ ಟ್ರಂಪೆಟ್ ಯಾರದೆಂದು ಕೇಳಿದರು. ಅದು ಹೋದ ವರ್ಷ ಸೇರಿದ ಪಿ.ಟಿ. ಮಾಸ್ತರ ಅಜೀತನದಾಗಿತ್ತು.

"ಅಂವ ಹುಟ್ಟಿದಾಗ ನಾ ಇಲ್ಲಿ ಬೀಜಗಣಿತ ಕಲಸಾಕತ್ತಿದ್ದೆ" ಎಂದ ಖಮರುದ್ದೀನ್ ಸರ್, ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿಯನ್ನು ಬಿಡುವ ಹಾಗೆ ಮೇಜಿನ ಮೇಲೆ ಬಿಟ್ಟರು.

ಬಸವಕಲ್ಯಾಣದ ಈ ಹೈಸ್ಕೂಲಿಗೆ ಬ್ಯಾಂಡ್ ಬಂದದ್ದು ಸಂಗೀತದ ಮೇಲಿನ ಪ್ರೀತಿಯಿಂದ ಅಲ್ಲ. ಸಂಸ್ಥೆಯ ಸೆಕ್ರೆಟರಿ ಅಂಬಾದಾಸರಾವ್ ಹುಮನಾಬಾದಿನವರು. ಬೀಗರ ಮಗನ ಪದವಿ ಸಮಾರಂಭಕ್ಕೆಂದು ಪುಣೆಗೆ ಹೋದಾಗ ಅಲ್ಲಿ ಕರೀ ಕೋಟಿನ ಮಂದಿ ಕುರ್ಚಿಯ ಮೇಲೆ ಕೂತು, ಮುಂದೆ ಹಾಳೆ ಇಟ್ಟುಕೊಂಡು ಬ್ಯಾಂಡ್ ನುಡಿಸುವುದನ್ನು ಕಂಡರು. ಅವರ ಮನಸ್ಸಿಗೆ ನಾಟಿದ್ದು ಆ ಹಾಳೆ. ಮದುವೆ ಮೆರವಣಿಗೆಯಲ್ಲಿ ನಿಂತು ಊದುವವರು ಎಲ್ಲ ಊರಲ್ಲೂ ಇದ್ದಾರೆ. ಕೂತು, ಓದಿಕೊಂಡು ಊದುವವರು ಜಿಲ್ಲೆಯಲ್ಲೇ ಯಾರೂ ಇಲ್ಲ ಎಂದು ಲೆಕ್ಕ ಹಾಕಿ ಒಂದು ಲಾರಿ ವಾದ್ಯ ತರಿಸಿದರು. ಮಕ್ಕಳು ಊದಿದರೆ ಪರ್ಸೆಂಟೇಜ್ ಇಳಿಯುತ್ತದೆಂದು ತಂದೆತಾಯಿಗಳು ತಕರಾರು ತೆಗೆದರು. ಪರ್ಸೆಂಟೇಜಿನ ಹಂಗಿಲ್ಲದೆ ಶಾಲೆಯಲ್ಲಿ ಉಳಿದವರು ಮಾಸ್ತರರು ಮಾತ್ರ. ಹೀಗಾಗಿ ವಾದ್ಯಗಳು ಅವರ ಕೊರಳಿಗೆ ಬಿದ್ದವು.

ಅವರಿಗೆ ಕಲಿಸಲು ಸಿಕ್ಕವನು ಮಂಠಾಳದ ಸಂಘಪಾಲ. ತಂದೆಯಿಂದ ಕ್ಲಾರಿನೆಟ್ ಕಲಿತು, ಸೊಲ್ಲಾಪುರದಲ್ಲಿ ನೋಟೇಶನ್ ಓದುವುದನ್ನು ಅಭ್ಯಾಸ ಮಾಡಿ ಬಂದವನು. ಸೇರಿದ ದಿನದಿಂದ ಹಂಗಾಮಿ. ಈಗ ಸೆಕ್ರೆಟರಿಯವರ ತಾಯಿ ಜಿಜಾಬಾಯಿಗೆ ಎಂಬತ್ತು ತುಂಬುತ್ತಿತ್ತು. ಸಂಸ್ಥೆಯ ವಾರ್ಷಿಕೋತ್ಸವವೂ ಯಾಕೋ ಅದೇ ದಿನವೇ ಬಂದಿತ್ತು. ಹುಮನಾಬಾದಿನಲ್ಲಿ ಬ್ಯಾಂಡ್ ನುಡಿಯಬೇಕು, ಅವ್ವ ಖುಷಿಯಾದರೆ ಬ್ಯಾಂಡ್ ಮಾಸ್ತರನ ಹುದ್ದೆಯನ್ನು ಅದೇ ವೇದಿಕೆಯ ಮೇಲೆ ಪರ್ಮನೆಂಟ್ ಮಾಡುತ್ತೇನೆ ಎಂದು ಸೆಕ್ರೆಟರಿ ಮಾತು ಕೊಟ್ಟಿದ್ದರು. ಆ ಮಾತು ಸಂಘಪಾಲನ ಹೆಂಡತಿ ಸರಿತಾಳ ಮೂಲಕ ಅವಳ ತವರೂರಾದ ಹುಡಗಿ ಎಂಬ ಹಳ್ಳಿಗೆ ತಲುಪಿ, ಅಲ್ಲಿ ಪೇಢೆಯೂ ಹಂಚಿ ಆಗಿತ್ತು. ಇಂದು ಸಂಜೆಯೊಳಗೆ ಆರಿಸಿದ ಹಾಳೆಗಳನ್ನು ಸೆಕ್ರೆಟರಿಗೆ ತೋರಿಸಿ ಮಂಜೂರಿ ಪಡೆಯುವುದಷ್ಟೇ ಬಾಕಿ.

ಸಂಘಪಾಲ ವಾರಗಟ್ಟಲೆ ಹುಡುಕಿ ಒಂದು ನಡಿಗೆಯ ರಾಗ ಆರಿಸಿದ್ದ. ಕೇಳಲು ಸರಳ, ತಪ್ಪಿದರೂ ತಪ್ಪಿದ್ದು ಗೊತ್ತಾಗದಂಥದು. ಆದರೆ ಖಮರುದ್ದೀನ್ ಸರ್ ಹಾಳೆ ಬಿಟ್ಟದ್ದನ್ನು ನೋಡಿದ ಉಳಿದವರಿಗೂ ತಮ್ಮ ತಮ್ಮ ಹಾಳೆಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕೆನಿಸಿತು.

ವಿಜ್ಞಾನದ ರತ್ನಮಾಲಾ ಮೇಡಂ ಕ್ಲಾರಿನೆಟ್. ಅವರಿಗೆ ನಾಲ್ಕು ಹಾಳೆ, ಅದರ ತುಂಬ ಸಾಸಿವೆ ಚೆಲ್ಲಿದ ಹಾಗೆ ಕರೀ ಚುಕ್ಕೆ. ಪಕ್ಕದಲ್ಲಿ ಕೂತ ಸಮಾಜ ವಿಜ್ಞಾನದವರಿಗೆ ಒಂದೇ ಹಾಳೆ, ಅದರಲ್ಲೂ ಗಾಳಿ ಆಡುವಷ್ಟು ಜಾಗ. ಮೇಡಂ ಶಾಂತವಾಗಿಯೇ ಕೇಳಿದರು: ಪಿರಿಯಡ್ ಹಂಚುವಾಗಲೂ ಎಲ್ಲರಿಗಿಂತ ಹೆಚ್ಚು ತಮಗೇ, ಈಗ ಚುಕ್ಕೆ ಹಂಚುವಾಗಲೂ ತಮಗೇ ಯಾಕೆ? ಹೆಂಗಸೆಂದು ಹೀಗೋ, ಹೇಗೆ?

ಅವರಿಗೆ ಉತ್ತರ ಕೊಡುವಷ್ಟರಲ್ಲಿ ಮಾರುತಿ ಎದ್ದು ನಿಂತ. ಮಾರುತಿ ಆಫೀಸಿನ ಕ್ಲಾರ್ಕ್, ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಅವನದು. ಅವನೂ ಹಂಗಾಮಿಯೇ. ಆದರೆ ಅದು ಅವನಿಗೆ ನೆನಪಿರುತ್ತಿರಲಿಲ್ಲ, ಏಕೆಂದರೆ ಅವನು ಸೆಕ್ರೆಟರಿಯವರ ಹೆಂಡತಿಯ ಖಾಸಾ ತಮ್ಮ. ಅವನ ಹಾಳೆಯಲ್ಲಿ ಇಡೀ ರಾಗಕ್ಕೆ ಆರೇ ಏಟುಗಳಿದ್ದವು. ಉಳಿದದ್ದೆಲ್ಲ ಸುಮ್ಮನಿರುವ ಗುರುತು.

"ಎಲ್ಲಾರಿಗೂ ಇಷ್ಟಿಷ್ಟು ಕೊಟ್ಟೀರಿ, ನನಗ ಆರು" ಎಂದ ಮಾರುತಿ. "ಅಕ್ಕಾಗ ಒಂದು ಫೋನ್ ಮಾಡಿ ಬರ್ತೀನ್ರಿ."

ಅಕ್ಕನಿಗೆ ಫೋನ್ ಹೋದರೆ ರಾತ್ರಿ ಊಟದ ಹೊತ್ತಿಗೆ ಅದು ಸೆಕ್ರೆಟರಿಯವರ ತಟ್ಟೆಗೆ ಬೀಳುತ್ತಿತ್ತು. ಸಂಘಪಾಲ ಬಾಗಿಲಿಗೆ ಅಡ್ಡ ನಿಂತು, ಈ ರಾಗ ಬೇಡವೇ ಬೇಡ, ಬೇರೆಯದನ್ನು ಆರಿಸುತ್ತೇನೆ ಎಂದು ಎಲ್ಲರ ಕೈಯಿಂದ ಹಾಳೆ ಕಿತ್ತುಕೊಂಡ.

ಬೀರುವಿನಲ್ಲಿದ್ದ ಕಟ್ಟು ಬಿಚ್ಚಿದರೆ ಯಾವ ರಾಗದಲ್ಲೂ ಸಮಾನತೆ ಇರಲಿಲ್ಲ. ಒಂದರಲ್ಲಿ ಕ್ಲಾರಿನೆಟ್ ಮೆರೆದರೆ ಇನ್ನೊಂದರಲ್ಲಿ ಟ್ರಂಪೆಟ್. ಡ್ರಮ್ಮಿಗಂತೂ ಎಲ್ಲ ದೇಶಗಳೂ ಕೂಡಿ ಅನ್ಯಾಯ ಮಾಡಿದ್ದವು. ಕೊನೆಗೆ ತಳದಲ್ಲಿ ಒಂದು ಸಿಕ್ಕಿತು. ಎಲ್ಲ ವಾದ್ಯಗಳೂ ಒಂದೇ ಸ್ವರ ನುಡಿಸುವ, ಎಲ್ಲರಿಗೂ ಒಂದೊಂದೇ ಹಾಳೆಯ ರಾಗ. ಸಂಘಪಾಲನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಒಳಗೆ ಬಂದ ಹೆಡ್ಮಾಸ್ತರರು ರಾಗದ ಹೆಸರೇನೆಂದು ವಿಚಾರಿಸಿದರು. ಅದು ಯಾವುದೋ ಪರದೇಶದ ಭಾಷೆಯಲ್ಲಿತ್ತು. ಅರ್ಥ ಗೊತ್ತಿಲ್ಲದೆ ಸಹಿ ಹಾಕುವುದಿಲ್ಲವೆಂದು ಹೆಡ್ಮಾಸ್ತರರು ಮೊಬೈಲನ್ನು ಹಾಳೆಯ ಮೇಲೆ ಹಿಡಿದರು. ಮೊಬೈಲು ಸ್ವಲ್ಪ ಹೊತ್ತು ಯೋಚಿಸಿ ಕನ್ನಡದಲ್ಲಿ ತೋರಿಸಿತು: ಮುದುಕಿಯ ಬೆಕ್ಕು ಸತ್ತ ಸಂಜೆ.

ಹೆಡ್ಮಾಸ್ತರರು ಎರಡು ಸಲ ಓದಿದರು.

"ಬೆಕ್ಕಿಂದು, ಸಂಜೀದು ಏನೂ ತಕರಾರಿಲ್ರಿ" ಎಂದರು. "ಉಳಿದ ಎರಡು ಮಾತು ಆ ದಿವಸ ಸ್ಟೇಜಿನ ಮ್ಯಾಲ ಬ್ಯಾಡ."

ಮಧ್ಯಾಹ್ನ ಶಾಲೆ ಬಿಟ್ಟಿತು. ಹುಮನಾಬಾದಿಗೆ ಹೋಗಲೇಬೇಕು, ಕೈಯಲ್ಲಿ ರಾಗವಿಲ್ಲ. ಸರಿತಾ ಫೋನ್ ಮಾಡಿ ಮಂಜೂರಿ ಆಯಿತೇ ಎಂದು ಕೇಳಿದಳು. ಅವಳ ಹಿಂದೆ ಹುಡಗಿ ಊರಿನಿಂದ ಬಂದ ಅತ್ತೆಯ ದನಿಯೂ ಕೇಳಿಸಿತು. ಆಗಾಕತ್ತದ ಎಂದು ಹೇಳಿ ಸಂಘಪಾಲ ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕುಸಿದು ಕೂತ. ಮುಂದೆ ಯಾರೋ ಒಬ್ಬಾತ ಜಾತಿ ಸರ್ಟಿಫಿಕೇಟನ್ನು ಸಣ್ಣದು ಮಾಡಿಸಿ ಕಿಸೆಯಲ್ಲಿ ಇಟ್ಟುಕೊಂಡು ಹೋದ. ಅದನ್ನು ನೋಡುತ್ತಿದ್ದ ಸಂಘಪಾಲ ಎದ್ದು ನಿಂತ. ಸಂಗೀತ ಬದಲಾಯಿಸುವ ಅಗತ್ಯವೇ ಇಲ್ಲ, ಹಾಳೆ ಬದಲಾಯಿಸಿದರೆ ಸಾಕು.

ಬೆಳಿಗ್ಗೆ ಕಿತ್ತುಕೊಂಡ ಅದೇ ನಡಿಗೆಯ ರಾಗವನ್ನು ತೆಗೆದ. ರತ್ನಮಾಲಾ ಮೇಡಂ ಅವರ ನಾಲ್ಕು ಹಾಳೆಗಳನ್ನು ಸಣ್ಣದು ಮಾಡಿಸಿ ಒಂದೇ ಹಾಳೆಯಲ್ಲಿ ಕೂಡಿಸಿದ. ಸಾಸಿವೆಯಿದ್ದದ್ದು ಈಗ ಗಸಗಸೆ ಆಯಿತು. ಮಾರುತಿಯದನ್ನು ದೊಡ್ಡದು ಮಾಡಿಸಿದ. ಆರು ಚುಕ್ಕೆಗಳು ಹೋಳಿಗೆಯಂತೆ ಉಬ್ಬಿ ಒಂದೊಂದೂ ಒಂದೊಂದು ಹಾಳೆ ತುಂಬಿದವು. ಬಿಳಿ ಪಟ್ಟಿ ಅಂಟಿಸಿ ಎಲ್ಲ ಅಂಕಿಗಳನ್ನೂ ಮುಚ್ಚಿ, ಎಲ್ಲರಿಗೂ ಪ್ರಥಮ ಎಂದು ಬರೆದ. ಖಮರುದ್ದೀನ್ ಸರ್ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ವಿಶೇಷ ಪ್ರಥಮ ಟ್ರಂಪೆಟ್ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದ.

ಬಸ್ಸು ಹತ್ತುವ ಮೊದಲೇ ಹೊಸ ಹಾಳೆಗಳ ಫೋಟೋಗಳನ್ನು ಸ್ಟಾಫಿನ ಗ್ರೂಪಿಗೆ ಕಳಿಸಿದ. ಬಸ್ಸು ಬಂಗ್ಲಾ ಕ್ರಾಸ್ ದಾಟುವಷ್ಟರಲ್ಲಿ ಖಮರುದ್ದೀನ್ ಸರ್ ಅವರಿಂದ ಹೆಬ್ಬೆರಳು ಬಂತು. ರಾಜೇಶ್ವರದ ಹತ್ತಿರ ರತ್ನಮಾಲಾ ಮೇಡಂ ಈಗ ನ್ಯಾಯವಾಯಿತು ಎಂದು ಬರೆದರು, ಕನ್ನಡಕದ ನಂಬರ್ ಬದಲಿಸಬೇಕಾಗಬಹುದು ಎಂದೂ ಸೇರಿಸಿದರು. ಮಾರುತಿ ಆರು ಹಾಳೆಗಳನ್ನೂ ತನ್ನ ಸ್ಟೇಟಸ್ಸಿಗೆ ಹಾಕಿಕೊಂಡ. ಸಂಘಪಾಲ ಕಿಟಕಿಗೆ ತಲೆ ಆನಿಸಿ, ಪರ್ಮನೆಂಟ್ ಆದ ಮನುಷ್ಯ ಹೇಗೆ ನಿದ್ದೆ ಮಾಡುತ್ತಾನೋ ಹಾಗೆ ನಿದ್ದೆ ಮಾಡಿದ.

ಹುಮನಾಬಾದಿನಲ್ಲಿ ಅಂಬಾದಾಸರಾವ್ ಪಡಸಾಲೆಯ ಜೋಕಾಲಿಯ ಮೇಲೆ ಕೂತಿದ್ದರು. ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಎಲ್ಲರೂ ಪ್ರಥಮರು ಎಂಬುದು ತಮ್ಮ ಸಂಸ್ಥೆಗೆ ಹೆಮ್ಮೆಯ ಸಂಗತಿ ಎಂದರು. ಮೆಟ್ರಿಕ್ ರಿಸಲ್ಟಿನಲ್ಲಿ ಆಗದ್ದು ಬ್ಯಾಂಡಿನಲ್ಲಾದರೂ ಆಯಿತಲ್ಲ ಎಂದೂ ಸಂತೋಷಪಟ್ಟರು. ಆಮೇಲೆ ಅವರ ಕಣ್ಣು ಸಂಘಪಾಲನ ಕಂಕುಳಲ್ಲಿದ್ದ ದಪ್ಪ ಪುಸ್ತಕದ ಮೇಲೆ ಬಿತ್ತು. ಅದೇನೆಂದು ಕೇಳಿದರು. ಎಲ್ಲರ ಭಾಗಗಳೂ ಒಂದರ ಕೆಳಗೆ ಒಂದು ಇರುವ, ಮುಂದೆ ನಿಂತು ನಡೆಸುವವನು ನೋಡಿಕೊಳ್ಳುವ ಪುಸ್ತಕ ಎಂದು ಸಂಘಪಾಲ ಹೇಳಿದ.

"ಅಂದ್ರ ಎಲ್ಲಾರ ಹಾಳೀನೂ ನಿಮ್ಮ ಹತ್ರ ಅವ?"

"ಹೌದ್ರಿ."

"ನೀವು ಇನ್ನಾ ಹಂಗಾಮಿ ಇದ್ದೀರಿ ಅಲ್ರಿ" ಎಂದರು ಸೆಕ್ರೆಟರಿ, ಬಹಳ ಪ್ರೀತಿಯಿಂದ. "ಸಂಸ್ಥಾದ ಪೂರಾ ಕಾಗದ ಹಂಗಾಮಿ ಮನಷ್ಯಾನ ಕೈಯಾಗ ಇರಬಾರದು. ನಾಳೆ ಆಡಿಟ್‌ನವರು ಕೇಳಿದ್ರ ನಾ ಏನ್ ಹೇಳ್ಲಿ?"

ಪುಸ್ತಕ ಅವರ ತಿಜೋರಿಗೆ ಹೋಯಿತು. ರಾಗ ಮಂಜೂರಾಯಿತು.

ಮುಂದಿನ ತಿಂಗಳು ಹುಮನಾಬಾದಿನ ಸಭಾಭವನದಲ್ಲಿ ಜಿಜಾಬಾಯಿಯನ್ನು ಮೊದಲ ಸಾಲಿನ ಸೋಫಾದ ಮೇಲೆ ಕೂಡಿಸಿದ್ದರು. ಸಂಘಪಾಲ ಪುಸ್ತಕವಿಲ್ಲದೆ, ಇಡೀ ರಾಗವನ್ನು ಬಾಯಿಪಾಠ ಮಾಡಿ, ಕೈಯಲ್ಲಿ ಕಡ್ಡಿ ಹಿಡಿದು ನಿಂತ. ಆ ದಿನ ನಡೆದದ್ದನ್ನು ಅವನು ಇವತ್ತಿಗೂ ನಂಬುವುದಿಲ್ಲ: ಬ್ಯಾಂಡ್ ಚೆನ್ನಾಗಿ ನುಡಿಯಿತು. ಖಮರುದ್ದೀನ್ ಸರ್ ಮೂರನೇ ಟ್ರಂಪೆಟ್ಟನ್ನು ವಿಶೇಷ ಪ್ರಥಮದ ಗತ್ತಿನಲ್ಲಿ ಊದಿದರು. ಮೇಡಂ ಗಸಗಸೆಯಲ್ಲಿ ಒಂದು ಕಾಳೂ ಬಿಡಲಿಲ್ಲ. ಮಾರುತಿ ಆರಕ್ಕೆ ಆರೂ ಏಟುಗಳನ್ನು ಸರಿಯಾದ ಜಾಗಕ್ಕೇ ಹಾಕಿದ. ಸಭೆ ಎದ್ದು ಚಪ್ಪಾಳೆ ತಟ್ಟಿತು. ಸಂಘಪಾಲನಿಗೆ ಮಂಠಾಳದ ತಂದೆ ನೆನಪಾದರು.

ಸೆಕ್ರೆಟರಿ ಮೈಕ್ ಹಿಡಿದು ಕೆಳಗಿಳಿದರು. ಅವ್ವನ ಅಭಿಪ್ರಾಯದ ಮೇಲೇ ಹುದ್ದೆ ಪರ್ಮನೆಂಟ್ ಎಂದು ಸಭೆಗೆ ಸಾರಿ, ತಾಯಿಯ ಕಿವಿಯ ಹತ್ತಿರ ಬಾಗಿ ಕೂಗಿ ಕೇಳಿದರು. ಅಷ್ಟು ಕೂಗಿದ್ದು ಯಾಕೆಂದು ಸಂಘಪಾಲನಿಗೆ ಆಗ ಹೊಳೆಯಲಿಲ್ಲ. ಮುದುಕಿಯ ಉತ್ತರ ಮೈಕಿನಲ್ಲಿ ಇಡೀ ಭವನಕ್ಕೆ ಕೇಳಿಸಿತು.

"ಧಮ್ ಅಂತ ಬಡಿದಾನ ನೋಡು, ಅಂವ ಒಬ್ಬನೇ ಕೆಲಸಾ ಮಾಡ್ಯಾನಪ್ಪಾ. ಉಳಿದವ್ರು ಬರೇ ಗಲ್ಲ ಉಬ್ಬಿಸಿ ಕುಂತಿದ್ರು, ಒಬ್ಬರದೂ ಸಪ್ಪಳ ಇಲ್ಲ. ಆ ಕಡ್ಡಿ ಹಿಡದಾಂವ ಯಾರು? ಪೂರಾ ಹೊತ್ತು ನನಗ ಬೆನ್ನು ತೋರಿಸಿ ನಿಂತಿದ್ದ."

ಜಿಜಾಬಾಯಿಗೆ ಕಿವಿ ಕೇಳುತ್ತಿರಲಿಲ್ಲ. ಡ್ರಮ್ಮಿನ ಆರು ಏಟು ಬಿಟ್ಟರೆ ಆ ಸಂಜೆ ಅವಳ ಪಾಲಿಗೆ ಪೂರ್ತಿ ಮೌನ. ಸೆಕ್ರೆಟರಿ ಒಂದು ಕ್ಷಣ ತಾಯಿಯನ್ನೂ ಮತ್ತೊಂದು ಕ್ಷಣ ಹೆಂಡತಿಯನ್ನೂ ನೋಡಿದರು. ಇಬ್ಬರ ಮುಖದಲ್ಲೂ ಒಂದೇ ಹೆಸರಿತ್ತು. ಮಾರುತಿಗೆ ಶಾಲು ಹೊದಿಸಿ, ಬ್ಯಾಂಡ್ ಮಾಸ್ತರನ ಹುದ್ದೆ ಅವನಿಗೆ ಎಂದು ಸಾರಿದರು. ಸಂಘಪಾಲನ ಸೇವೆಯನ್ನೂ ಸಂಸ್ಥೆ ಮರೆಯಲಿಲ್ಲ. ಅವನನ್ನು ಇನ್ನೊಂದು ವರ್ಷ ಹಂಗಾಮಿಯಾಗಿ ಮುಂದುವರಿಸಿತು.

ಸೋಮವಾರ ಮಾರುತಿ ಬ್ಯಾಂಡಿನ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಸಂಘಪಾಲನನ್ನು ಕರೆದು, ಕೂಡ್ರಿ ಎಂದು ಹೇಳಿ, ಬಾಗಿಲು ಮುಂದೆ ಮಾಡಿದ.

"ಸರ್, ಖರೇ ಹೇಳ್ತೀನಿ, ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಆ ಚುಕ್ಕಿ ಓದೋದು ನನಗ ಒಂದಿನಾನೂ ತಿಳಿದಿಲ್ಲ. ನೀವು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಾಗ ಬಡಿತಿದ್ದೆ. ಈಗ ಕಡ್ಡಿ ನಾ ಹಿಡಿಬೇಕು. ಅದಕ್ಕ ಡ್ರಮ್ಮಿನ ಹಿಂದ ನೀವು ನಿಂದ್ರರಿ. ಎಲ್ಲಿ ಕೈ ಎತ್ತಬೇಕು, ಎಲ್ಲಿ ಇಳಸಬೇಕು, ಅಲ್ಲಿಂದ ನೀವು ಹುಬ್ಬು ಹಾರಸ್ರಿ. ನಾ ನಿಮ್ಮನ್ನ ನೋಡಿ ಕೈ ಬೀಸ್ತೀನಿ."