ನಾಲ್ಕು ನಿಂಬೆಹಣ್ಣು ಮತ್ತು ನನ್ನ ಎಡಗಾಲು

ನಲವತ್ತೊಂಬತ್ತು ವರ್ಷ ನನಗೊಂದು ಎಡಗಾಲು ಇದೆ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ. ಊಟ, ಬರಹ, ಸೀಮೆಸುಣ್ಣ ಎಲ್ಲವೂ ಬಲಗೈಯ ಪಾಲು. ಹೊಸಿಲು ದಾಟುವ ಗೌರವ ಬಲಗಾಲಿಗೆ. ಎಡಗಾಲು ಪಾಪ ಸುಮ್ಮನೆ ಜೊತೆಗೆ ಬರುತ್ತಿತ್ತು. ಅಷ್ಟು ವರ್ಷದ ಅಲಕ್ಷ್ಯಕ್ಕೆ ಅದು ಸೇಡು ತೀರಿಸಿಕೊಂಡದ್ದು ನಾನು ಕಾರು ಕೊಂಡ ಮೇಲೆ. ಕಾರು ಓಡಿಸುವುದು ಕಷ್ಟವಲ್ಲ, ಓಡುತ್ತಿರುವ ಕಾರನ್ನು ಯಾರು ಬೇಕಾದರೂ ಓಡಿಸಬಹುದು. ನಿಂತ ಕಾರನ್ನು ಮುಗ್ಗರಿಸದಂತೆ, ಆಫ್ ಆಗದಂತೆ ಮೊದಲ ಗೇರಿನಲ್ಲಿ ಮುಂದಕ್ಕೆ ತೆಗೆಯುವುದಿದೆಯಲ್ಲ, ಕಷ್ಟವೆಲ್ಲ ಅಲ್ಲಿದೆ. ಕ್ಲಚ್ಚಿನ ಮೇಲಿರುವ ಎಡಗಾಲು ಬೇಗ ಎದ್ದರೆ ಗಾಡಿ ಸಾಯುತ್ತದೆ, ಏಳದಿದ್ದರೆ ಗಾಡಿ ಕಿರುಚುತ್ತದೆ.

ನಾನು ಶ್ರೀನಿವಾಸಪುರದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಮನೆ ಇರುವುದು ಕೋಲಾರದಲ್ಲಿ. ಮದುವೆಗೆ ಮುಂಚೆ ಎಲ್ಲಿಗೆ ಹೋಗಬೇಕಾದರೂ ಅಪ್ಪನನ್ನು ಕೇಳುತ್ತಿದ್ದೆ, ಆಮೇಲೆ ಗಂಡನನ್ನು, ಗಂಡನ ಸ್ಕೂಟರು ಮೂಲೆ ಸೇರಿದ ಮೇಲೆ ಮೈದುನ ಮಂಜುವನ್ನು. ಯಾರೂ 'ಇಲ್ಲ' ಎಂದದ್ದಿಲ್ಲ. 'ನೋಡೋಣ' ಎನ್ನುತ್ತಿದ್ದರು. ಈ 'ನೋಡೋಣ'ದಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಐವತ್ತು ತುಂಬುವ ಮೊದಲು, ಯಾರನ್ನೂ ಕೇಳದೆ ಮನೆಯಿಂದ ಹೊರಟು ನನಗೆ ಬೇಕಾದ ಕಡೆ ಹೋಗಿ ಬರಬೇಕು. ಇದ್ದದ್ದು ಇದೊಂದೇ ಆಸೆ. ಅದಕ್ಕಾಗಿಯೇ ಕಾರು, ನನ್ನ ಸಂಬಳದ ಮೇಲೆ, ನನ್ನ ಹೆಸರಿನಲ್ಲಿ. ನಮ್ಮ ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಅವರು ಹಾಗೆ ಹೇಳುವುದಿಲ್ಲ, 'ನನಗೆ ಅದರಲ್ಲಿ ಆಸಕ್ತಿಯಿಲ್ಲ' ಎನ್ನುತ್ತಾರೆ.

ಕಾರು ಬರುವ ಮೊದಲೇ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ. ಕಲಿಸಿದವರು ಮುಳಬಾಗಿಲು ಕಡೆಯ ಬಾಬಣ್ಣ, ಮಾತು ಅರ್ಧ ಕನ್ನಡ, ಅರ್ಧ ತೆಲುಗು. 'ಮೆಲ್ಲಗಾ ಮೇಡಂ, ಮೆಲ್ಲಗಾ' ಎನ್ನುವುದು ಬಿಟ್ಟರೆ ಹೆಚ್ಚು ಮಾತಿನವರಲ್ಲ. ನಾನು ದಿನಾ ಡೈರಿ ಬರೆಯುವವಳು. ಇತಿಹಾಸ ಓದಿದವರಿಗೆ ನೆನಪಿನ ಮೇಲೆ ನಂಬಿಕೆ ಕಡಿಮೆ, ಅದರಲ್ಲೂ ಸ್ವಂತ ನೆನಪಿನ ಮೇಲೆ. ಆ ತಿಂಗಳ ಪುಟಗಳನ್ನು ಈಗ ತೆಗೆದು ನೋಡಿದರೆ ಪ್ರತಿದಿನವೂ ಒಂದೇ ಒಕ್ಕಣೆ: ಇವತ್ತೂ ಗಾಡಿ ಒಂದು ಸಲವೂ ಆಫ್ ಆಗಲಿಲ್ಲ. ಒಂದು ಕಡೆ 'ಇದು ನನಗೆ ಹುಟ್ಟಿನಿಂದಲೇ ಬಂದಿರಬೇಕು' ಎಂದೂ ಬರೆದುಕೊಂಡಿದ್ದೇನೆ. ಆ ಸಾಲನ್ನು ಹೊಡೆದುಹಾಕಬಹುದಿತ್ತು. ಮಕ್ಕಳಿಗೆ ಮೂಲ ಆಕರವನ್ನು ತಿದ್ದಬಾರದು ಎಂದು ಪಾಠ ಹೇಳುವವಳು, ಹಾಗೇ ಬಿಟ್ಟಿದ್ದೇನೆ.

ಲೈಸೆನ್ಸೂ ಬಂತು, ಕಾರೂ ಬಂತು. ನಮ್ಮ ಕಡೆ ಹೊಸ ಗಾಡಿ ಮೊದಲು ಕುರುಡುಮಲೆ ಗಣಪತಿಗೆ ತೋರಿಸಿ ಆಮೇಲೆ ಮಿಕ್ಕ ಲೋಕಕ್ಕೆ ತೋರಿಸುವಂಥದ್ದು. ಮಂಜು ಓಡಿಸಿದ, ಅತ್ತೆ ಮುಂದೆ ಕೂತರು, ನಾನೂ ನಮ್ಮ ಮನೆಯವರೂ ಹಿಂದೆ. ಅರಿಶಿನ, ಕುಂಕುಮ, ಹೂವಿನ ಹಾರ ಎಲ್ಲ ಆದ ಮೇಲೆ ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟರು. ಅವುಗಳ ಮೇಲೆ ಹತ್ತಿ ಗಾಡಿ ಮುಂದೆ ಹೋದರೆ ದೃಷ್ಟಿ ಹೋಯಿತು ಎಂದು ಲೆಕ್ಕ. ಮಂಜು ಬಾಗಿಲಿಗೆ ಕೈ ಹಾಕಿದ್ದ. ಅರ್ಚಕರು ಗಾಡಿ ಯಾರ ಹೆಸರಿನಲ್ಲಿದೆಯೋ ಅವರೇ ಹತ್ತಿಸಬೇಕು ಎಂದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಟ್ಟಕ್ಕೆ ಏರುವ ರಾಣಿಯ ಹಾಗೆ ಹೋಗಿ ಕೂತೆ.

ಗಾಡಿ ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಇನ್ನೊಮ್ಮೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಒಟ್ಟು ಎಷ್ಟು ಸಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ನೆನಪಿನಲ್ಲಿ ಎರಡು, ಅಂದಿನ ಡೈರಿಯಲ್ಲಿ ನಾಲ್ಕು, ಮಂಜುವಿನ ಪ್ರಕಾರ ಏಳು. ಈಚೆಗೆ ಅವನು ನೆಂಟರ ಮನೆಗಳಲ್ಲಿ ಹನ್ನೊಂದು ಎನ್ನುತ್ತಿದ್ದಾನೆಂದು ಕೇಳಿದ್ದೇನೆ. ಅಷ್ಟರಲ್ಲಿ ಮುಂದಿನ ಚಕ್ರದ ಎರಡು ಹಣ್ಣು ಅಪ್ಪಚ್ಚಿಯಾಗಿದ್ದವು. ಹಿಂದಿನವನ್ನು ನಮ್ಮ ಮನೆಯವರು ಚಕ್ರದಿಂದ ಒಂದು ಗೇಣು ದೂರದಲ್ಲಿ ಇಟ್ಟಿದ್ದರಿಂದ ಅವು ಪಿಳಿಪಿಳಿ ನೋಡುತ್ತಾ ಹಾಗೇ ಇದ್ದವು. ಅರ್ಧ ದೃಷ್ಟಿ ಮಾತ್ರ ಹೋಗಿದೆ ಎಂದು ಅತ್ತೆ ತೀರ್ಪು ಕೊಟ್ಟರು. ನಮ್ಮ ಹಿಂದೆ ಪೂಜೆಗೆ ಕಾದಿದ್ದ ಟೊಮೆಟೊ ಸಾಗಿಸುವ ವ್ಯಾನಿನವನು ಹಾರನ್ ಹೊಡೆಯಲಿಲ್ಲ, ಕೆಳಗಿಳಿದು ಬಂದು ಕೈಕಟ್ಟಿ ನಿಂತು ನೋಡಿದ. ಹಾರನ್ ಹೊಡೆದಿದ್ದರೆ ಚೆನ್ನಾಗಿತ್ತು.

ಮಂಜು ಕಿಟಕಿಗೆ ಬಗ್ಗಿ, ತುಂಬಾ ಮೃದುವಾಗಿ ಹೇಳಿದ: "ಅತ್ತಿಗೆ, ಇಳೀರಿ. ಕ್ಲಚ್ ಪ್ಲೇಟ್ ಸುಟ್ಟೋಗುತ್ತೆ. ನಿಮಗ್ಯಾಕೆ ಇದೆಲ್ಲಾ? ಎಲ್ಲಿಗೆ ಬೇಕೋ ಹೇಳಿ, ನಾನ್ ಕರ್ಕೊಂಡೋಗ್ತೀನಿ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಇಳಿದೆ. ಅವನು ಕೂತ, ಗಾಡಿ ಬೆಣ್ಣೆಯಲ್ಲಿ ಚಾಕು ಹಾಯ್ದ ಹಾಗೆ ಹೊರಟಿತು. ಕೀಲಿ ಅವನ ಜೇಬಿಗೆ ಹೋಯಿತು. ಯಾರೂ ಕೊಡಲಿಲ್ಲ, ಅವನೂ ಕೇಳಲಿಲ್ಲ, ನಮ್ಮ ಮನೆಗಳಲ್ಲಿ ಇಂಥವೆಲ್ಲ ಹೀಗೇ ಆಗುತ್ತವೆ. ಮಾರನೆಯ ದಿನದಿಂದ ನನ್ನ ಕಾರಿನಲ್ಲಿ ಮಂಜು ಕೆಲಸಕ್ಕೆ ಹೋದ, ನಾನು ಬಸ್ಸಿನಲ್ಲಿ ಶ್ರೀನಿವಾಸಪುರಕ್ಕೆ ಹೋದೆ. ಒಂದು ದಿನ ಬಸ್ಸಿನಲ್ಲಿ ನಿಂತಿದ್ದಾಗ ನಮ್ಮ ಕಾರೇ ಪಕ್ಕದಲ್ಲಿ ಹಾದುಹೋಯಿತು. ಸುಮ್ಮನೆ ಗಿಡಮರ ನೋಡಿದೆ.

ಬಾಬಣ್ಣನವರು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಿಕ್ಕಿದ್ದು ಆ ದಿನಗಳಲ್ಲೇ. ನಿಮ್ಮ ಗಾಡಿಯಲ್ಲಿ ಒಂದು ಸಲವೂ ಆಫ್ ಆಗದ್ದು ನನ್ನ ಗಾಡಿಯಲ್ಲಿ ಯಾಕೆ ಹೀಗೆ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. "ನನ್ ಕಡೆನೂ ಒಂದು ಕ್ಲಚ್ ಇತ್ತಲ್ಲ ಮೇಡಂ. ನಿಮ್ ಕಾಲು ಎದ್ದ ಕೂಡ್ಲೇ ನಾನ್ ಒತ್ಕೋತಿದ್ದೆ. ಇಲ್ದಿದ್ರೆ ನಮ್ ಎಂಜಿನ್ ವಾರ ಬರಲ್ಲ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಒಂದು ತಿಂಗಳು ನಾನು ನನ್ನದೆಂದು ಬರೆದುಕೊಂಡ ನೈಪುಣ್ಯವೆಲ್ಲ ಬಾಬಣ್ಣನವರ ಕಾಲಿನದು. ಲೈಸೆನ್ಸಿನ ಮೇಲೆ ಭಾವಚಿತ್ರ ಮಾತ್ರ ನನ್ನದು. ಅಂದು ರಾತ್ರಿಯೆಲ್ಲ, ನನ್ನ ಪಿಎಚ್.ಡಿ.ಯಲ್ಲಿ ಗೈಡ್ ಎಷ್ಟು ಕಾಲಿಟ್ಟಿದ್ದರೋ, ಮನೆ ನಡೆಸುವುದರಲ್ಲಿ ಅತ್ತೆ ಎಷ್ಟು ಕಾಲಿಟ್ಟಿದ್ದಾರೋ ಎಂಬ ಯೋಚನೆ ಹತ್ತಿಕೊಂಡಿತು.

ನನ್ನ ಸಂಕಟವನ್ನು ಹೇಳಿಕೊಂಡದ್ದು ಹೋಳೂರಿನ ಅಕ್ಕನ ಹತ್ತಿರ ಮಾತ್ರ. ಅಕ್ಕ ಏಳನೇ ಕ್ಲಾಸಿಗೆ ಬಿಟ್ಟವಳು. ಭಾವನ ಮಂಡಿಚಿಪ್ಪು ಸವೆದ ಮೇಲೆ, ಬಾಡಿಗೆ ಟ್ರ್ಯಾಕ್ಟರಿನವರು ಹೊತ್ತಿಗೆ ಸಿಗುವುದಿಲ್ಲವೆಂದು ತಾನೇ ಟ್ರ್ಯಾಕ್ಟರ್ ಹತ್ತಿದವಳು. ಕೇಳಿದವಳೇ, ಭಾನುವಾರ ಮಂಜುವನ್ನು ಊಟಕ್ಕೆ ಕರೆದುಕೊಂಡು ಬಾ ಎಂದಳು. ಹೋದೆವು. ನಾಟಿ ಕೋಳಿ ಸಾರು, ಮುದ್ದೆ. ಎರಡನೆಯ ಮುದ್ದೆ ಮುರಿಯುವಾಗಲೇ ಮಂಜುವಿನ ಕಣ್ಣು ಸಣ್ಣಗಾಗಿತ್ತು. ಮೂರನೆಯದನ್ನು ಅಕ್ಕ ಒತ್ತಾಯ ಮಾಡಿ ಬಡಿಸಿದಳು. ಸೆಕೆಯೆಂದು ಅವನು ಅಂಗಿ ಬಿಚ್ಚಿ ಮೊಳೆಗೆ ಹಾಕಿ ಮಂಚದ ಮೇಲೆ ಉರುಳಿದ. ಗೊರಕೆ ಶುರುವಾದ ಮೇಲೆ ಅಕ್ಕ ಅಂಗಿಯ ಜೇಬಿಗೆ ಕೈ ಹಾಕಿ, ಸಾಸಿವೆ ಡಬ್ಬಿಯಿಂದ ಸಾಸಿವೆ ತೆಗೆದಷ್ಟು ಸಲೀಸಾಗಿ ಕೀಲಿ ತೆಗೆದಳು.

ಮನೆಯ ಹಿಂದೆ ಹಿಪ್ಪುನೇರಳೆ ತೋಟದ ನಡುವೆ ನೇರವಾದ ಮಣ್ಣಿನ ದಾರಿ. ಅಲ್ಲಿಯವರೆಗೂ ನಾವಿಬ್ಬರೂ ಗಾಡಿಯನ್ನು ಸದ್ದಿಲ್ಲದೆ ತಳ್ಳಿದೆವು. ನನ್ನನ್ನು ಕೂರಿಸಿ, ಪಕ್ಕದಲ್ಲಿ ಕೂತು, ಮೊದಲು ಚಪ್ಪಲಿ ಬಿಚ್ಚಿಸಿದಳು.

"ಬಲಗಾಲು ಮುಟ್ಟಿಸ್ಲೇ ಬೇಡ. ಬರೀ ಎಡಗಾಲು. ಬಿಡ್ತಾ ಬಾ... ಅಷ್ಟೊಂದಲ್ವೇ, ಒಂದು ಕೂದ್ಲೆಳೆ. ಕಾಲ ಕೆಳಗೆ ಗುರ್ ಅನ್ತಾ?"

"ಅನ್ತು."

"ಅಲ್ಲೇ ನಿಂತ್ಕೋ. ಎತ್ಬೇಡ, ಒತ್ಬೇಡ. ತಾನಾಗೇ ಹೊರಡೋಕೆ ಬಿಡು ಕಣೇ. ಅದಕ್ಕೇನ್ ನಿನ್ ಲೆಕ್ಚರ್ ಬೇಕಾಗಿಲ್ಲ."

ಗಾಡಿ ಹೊರಟಿತು. ಆಕ್ಸಿಲರೇಟರ್ ಮುಟ್ಟದೆ, ಕುಪ್ಪಳಿಸದೆ, ಎಮ್ಮೆ ಮನೆಗೆ ಹೊರಟ ಹಾಗೆ. ಬಾಬಣ್ಣನವರ ಕಾಲು ಇಲ್ಲದೆ, ನನ್ನದೇ ಕಾಲಿಗೆ. ನಾನು ಕಣ್ಣೀರು ಹಾಕಿದೆನೆಂದು ಅಕ್ಕ ಹೇಳುತ್ತಾಳೆ, ನನಗೆ ನೆನಪಿಲ್ಲ, ಅದನ್ನು ಡೈರಿಯಲ್ಲಿಯೂ ಬರೆದಿಲ್ಲ. ನಾಲ್ಕು ಭಾನುವಾರ ಹೀಗೇ ನಡೆಯಿತು. ನಾಲ್ಕು ಕೋಳಿ ನನ್ನ ಕ್ಲಚ್ಚಿಗೆ ಬಲಿಯಾದವು. ಅಕ್ಕನ ಕೈರುಚಿಯನ್ನು ಮಂಜು ಊರೆಲ್ಲ ಹೊಗಳಿದ.

ಐದನೆಯ ವಾರ ಒಂದು ದಿನ ಬೆಳಿಗ್ಗೆ, ಮಂಜು ಸ್ನಾನಕ್ಕೆ ಹೋಗಿದ್ದಾಗ ಕೀಲಿ ತೆಗೆದುಕೊಂಡು, ಮನೆಯ ಮುಂದಿನ ಏರಿನಲ್ಲಿ ಗಾಡಿ ತೆಗೆದು ಶ್ರೀನಿವಾಸಪುರಕ್ಕೆ ಹೋಗಿಯೇಬಿಟ್ಟೆ. ಸಂಜೆ ಮನೆಯಲ್ಲಿ ಯುದ್ಧವಾಗುತ್ತದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಒಂದೂ ಉಪಯೋಗಕ್ಕೆ ಬರಲಿಲ್ಲ. ಅತ್ತೆ ನನ್ನನ್ನು ನೋಡಿ, ಸದ್ಯ ಕಲಿತೆಯಲ್ಲ, ನಾಳೆ ಟೇಕಲ್ಲಿನಲ್ಲಿ ಒಂದು ನಾಮಕರಣವಿದೆ, ಬೇಗ ಎದ್ದುಬಿಡು ಎಂದರು. ನಮ್ಮ ಮನೆಯವರು ಮಾಲೂರಿನ ಆಫೀಸಿಗೆ ರೈಲಿನಲ್ಲಿ ಹೋಗುವುದು ಬಿಟ್ಟು ನನ್ನ ಕಾರು ಹತ್ತಿದರು. ಮಂಜುವೂ ತನಗೆ ಬೆನ್ನುನೋವು ಎಂದುಕೊಂಡು ಹಿಂದಿನ ಸೀಟು ಹಿಡಿದ. ಈಗ ಮನೆಯಲ್ಲಿ ಯಾರಿಗೆ ಎಲ್ಲಿಗೆ ಹೋಗಬೇಕಾದರೂ ನನ್ನನ್ನು ಕೇಳುತ್ತಾರೆ. ಕೇಳುತ್ತಾರೆ ಎಂಬುದು ನನ್ನ ಮಾತು, ಅವರು ಹೇಳುತ್ತಾರೆ, ಅಷ್ಟೆ. ನನಗೆ ಬೇಕಾದ ಕಡೆ ಎಲ್ಲಿಗೆ ಹೋಗಬೇಕೆಂದಿದ್ದೆನೋ ಅದೇ ಮರೆತುಹೋಗಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಎಲ್ಲರ ಮೇಲೂ ಗೂಬೆ ಕೂರಿಸಿ ನಾನು ಒಳ್ಳೆಯವಳಾಗಿ ಉಳಿಯಬಹುದಿತ್ತು. ಹೋದ ತಿಂಗಳು ಅಕ್ಕನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹೋಳೂರಿಗೆ ಹೋದೆ. ಒಬ್ಬಳೇ, ಯಾರನ್ನೂ ಕೇಳದೆ. ಕಾರು ಅದೇ ಹಿಪ್ಪುನೇರಳೆ ದಾರಿಯಲ್ಲಿ ನಿಂತಿತ್ತು. ಅಕ್ಕ ಒಳ್ಳೆಯ ಸೀರೆ ಉಟ್ಟು ಬಂದವಳು ಸ್ಟಿಯರಿಂಗ್ ಕಡೆಯ ಬಾಗಿಲ ಹತ್ತಿರ ನಿಂತಳು. ಆ ನಾಲ್ಕು ಭಾನುವಾರವೂ ಅವಳು ಪಕ್ಕದಲ್ಲೇ ಕೂತಿದ್ದಳು, ಒಮ್ಮೆಯೂ ಓಡಿಸಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಏನೇ, ಈ ತೋಟ ಮುಗಿಯೋ ಗಂಟ ನಾನ್ ಓಡಿಸ್ಲಾ?"

ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎರಡೂ ಕಡೆ ಅವರದೇ ಸೊಪ್ಪು. ನಾನು ಹೇಳಿದೆ, ಅಕ್ಷರಕ್ಷರವೂ ನೆನಪಿದೆ, ಇದಕ್ಕೆ ಡೈರಿ ಬೇಡ: "ನಿನಗೆ ಲೈಸೆನ್ಸ್ ಇಲ್ವಲ್ಲಕ್ಕಾ. ಕಣ್ಣು ಬೇರೆ ಸರಿಯಿಲ್ಲ. ಇನ್ನೊಂದ್ಸಲ ನೋಡೋಣ."

"ಅದೂ ಸರೀನೇ ಬಿಡು," ಎಂದಳು ಅಕ್ಕ.

ಅವಳು ಮುಖ ಸಣ್ಣದು ಮಾಡಲಿಲ್ಲ. ಈ ಕಡೆ ಸುತ್ತಿಕೊಂಡು ಬಂದು, ಮುಂದಿನ ಸೀಟಿನಲ್ಲಿದ್ದ ನನ್ನ ಕಾಲೇಜಿನ ಚೀಲ ನೋಡಿ, ಅದನ್ನು ಸರಿಸಲು ಹೋಗದೆ ಹಿಂದಿನ ಬಾಗಿಲು ತೆಗೆದು ಕೂತಳು. ನಾನು ಚೀಲ ತೆಗೆಯಬಹುದಿತ್ತು. ತೆಗೆಯಲಿಲ್ಲ. ಗಾಡಿ ತೆಗೆದೆ. ತುಂಬಾ ನಯವಾಗಿ ತೆಗೆದೆ. ಹಿಂದೆ ಕೂತವಳ ತಲೆ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.