ಕ್ಯಾಪಿಟಲ್ ಅಕ್ಷರದ ಹಿರಿಯರು

ಕಚೇರಿಗೆ ಕಂಪ್ಯೂಟರ್ ಬಂದ ಮೇಲೂ ತಪ್ಪುಗಳು ಆಗುತ್ತಲೇ ಇವೆ. ಈಗ ಅಂದವಾಗಿ ಪ್ರಿಂಟ್ ಆಗಿ ಬರುತ್ತವೆ. ಈಚಿನದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನಾನು ಪಾಠ ಮಾಡುವ ಕಾಲೇಜಿನದು. ನಮ್ಮ ಸೂಪರಿಂಟೆಂಡೆಂಟರು ನಿವೃತ್ತರಾಗುತ್ತಿದ್ದರು. ಬೀಳ್ಕೊಡುಗೆಗೆ ಅವರಿಗಿದ್ದ ಆಸೆ ಒಂದೇ: ಹರಿಹರದಲ್ಲಿ ತಮಗೆ ಕಲಿಸಿದ ಮೇಷ್ಟ್ರು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು.

"ಒಂದು ಫೋನ್ ಮಾಡಿಬಿಡ್ರಿ," ಅಂದೆ.

"ಮೇಷ್ಟ್ರನ್ನ ಫೋನ್‌ನಾಗೆ ಕರೀತಾರೇನ್ರಿ? ಕಾಗದ ಹೋಗ್ಬೇಕು."

೧. ಟೈಪಿಂಗ್

ಒಂದೇ ಪತ್ರಕ್ಕೆ ಪಟ್ಟಿಯಿಂದ ಹೆಸರು, ಊರು ತಾನಾಗಿ ಬಂದು ಕೂರುವ ಮೇಲ್ ಮರ್ಜ್ ಸೂಪರಿಂಟೆಂಡೆಂಟರಿಗೆ ಬರುತ್ತಿತ್ತು. ಕರೆಯಬೇಕಾದವರ ಪಟ್ಟಿಯನ್ನೂ ಅವರೇ ಇಂಗ್ಲಿಷಿನಲ್ಲಿ ಟೈಪ್ ಮಾಡಿದರು. ಹಿರಿಯರ ಹೆಸರು, ಊರು ಪೂರ್ತಿ ಕ್ಯಾಪಿಟಲ್. ಕಿರಿಯರದು ಮೊದಲಕ್ಷರದಿಂದಲೇ ಸ್ಮಾಲ್. ಹೊಸದಾಗಿ ಪಿಎಚ್.ಡಿ. ಪಡೆದ ಉಪನ್ಯಾಸಕರೊಬ್ಬರು ಇಣುಕಿ, "ನಂದ್ಯಾಕ್ರಿ ಸ್ಮಾಲ್?" ಎಂದರು.

"ನೌಕರಿ ಪರ್ಮನೆಂಟ್ ಆಗ್ಲಿ, ನೋಡಾಣ."

೨. ಅನುಕ್ರಮ

ಪಟ್ಟಿಯನ್ನು ಅಕ್ಷರಾನುಕ್ರಮಕ್ಕೆ ಹಾಕಿದರು. ನಮ್ಮ ಕಂಪ್ಯೂಟರಿಗೆ ಕ್ಯಾಪಿಟಲ್ ಎಲ್ಲ ಮೊದಲು, ಸ್ಮಾಲ್ ಆಮೇಲೆ. ಹಿರಿಯರು ಮೇಲೆ ಬಂದರು, ಕಿರಿಯರು ಕೆಳಗಿಳಿದರು. ಅದು ಬರೀ ಒಂದು ಸೆಟ್ಟಿಂಗ್ ಎಂದು ವಿವರಿಸಿದೆ.

"ಸುಮ್ನಿರ್ರಿ. ಇದಕ್ಕಿರೋ ಸಂಸ್ಕಾರ ನಿಮ್ಮ ಎಂ.ಎ.ಗೆ ಇಲ್ಲ."

೩. ಬೀಳ್ಕೊಡುಗೆ

ಹರಿಹರದವರ ಪತ್ರದಲ್ಲಿ ಒಂದು ಸಾಲು ಹೆಚ್ಚಿತ್ತು: ಸ್ಟೇಷನ್ ಮುಂದೆ ಬಸ್ ನಿಂತಿರುತ್ತದೆ. ಅವರನ್ನಷ್ಟೇ ಆರಿಸಲು ಸೂಪರಿಂಟೆಂಡೆಂಟರು ಊರಿನ ಹೆಸರನ್ನು ಸ್ಮಾಲ್ ಅಕ್ಷರದಲ್ಲಿ ಹೊಡೆದರು. ಬರೀ ಊರಿಗೆ ಏನು ಗೌರವ? ಕಂಪ್ಯೂಟರಿಗೆ ಕ್ಯಾಪಿಟಲ್ ಹರಿಹರವೇ ಬೇರೆ, ಸ್ಮಾಲ್ ಹರಿಹರವೇ ಬೇರೆ; ಸ್ಮಾಲ್ ಇದ್ದವರನ್ನು ಮಾತ್ರ ಕೊಟ್ಟಿತು. ದಾವಣಗೆರೆಯವರದೂ ಅದೇ ಕತೆ. ಪತ್ರದ ಕಟ್ಟು ದಪ್ಪಗಿತ್ತು. ಯಾರಿಗೂ ಅನುಮಾನ ಬರಲಿಲ್ಲ.

ಆ ದಿನ ಬಸ್ ತುಂಬ ಕಿರಿಯರು ಬಂದಿಳಿದರು. ಬಹುಪಾಲು ಸೂಪರಿಂಟೆಂಡೆಂಟರಿಂದ ಬೈಸಿಕೊಂಡವರೇ. ಹಿರಿಯರಿಗೆಂದು ಬಿಟ್ಟ ಮುಂದಿನ ಸಾಲು ಪೂರ್ತಿ ಖಾಲಿ. ಸೂಪರಿಂಟೆಂಡೆಂಟರು ಹಾರ ಹಾಕಿಸಿಕೊಂಡು ಬಾಗಿಲನ್ನೇ ನೋಡುತ್ತಿದ್ದರು. ನಾನು ಪಟ್ಟಿ ತೆಗೆದು ನೋಡಿ ಕಾರಣ ಹೇಳಿದೆ. ಹೇಳಬಾರದಿತ್ತೇನೋ. ಅವರು ಅಲ್ಲೇ ಕೂತು ಮೇಷ್ಟ್ರಿಗೆ ಫೋನ್ ಹಚ್ಚಿದರು.

"ಕರೆದಿದ್ರೆ ಬರ್ತಿದ್ದೆನಲ್ಲಪ್ಪ," ಅಂದರು ಮೇಷ್ಟ್ರು.

"ಮರ್ಯಾದೆ ಕೊಟ್ಟು ಕ್ಯಾಪಿಟಲ್‌ನಾಗೆ ಹೊಡೆದಿದ್ದೆ ಸರ್. ಅದಕ್ಕೇ ಬಿಟ್ಟೋತು."

"ಹೋಗ್ಲಿ ಬಿಡು. ಮುಂದಿನ ಸಲ ಬರ್ತೀನಿ."

ಸೂಪರಿಂಟೆಂಡೆಂಟರು ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ರಿಟೈರ್ ಆಗೋದು ಒಂದೇ ಸಲ, ಸರ್."